ಗೀರು ಡಾಕ್ಟ್ರ ಗೇಣುದ್ದದ ಟ್ಯಾಂಕು

ಗೀರು ಡಾಕ್ಟ್ರು ಟ್ಯಾಂಕಿಗೆ ಬಣ್ಣ ಹಚ್ಚುತ್ತಿದ್ದಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಮೇಲಿನ ಮಹಡಿಯಾಕೆ ಬಂದು ಬಾಗಿಲು ತಟ್ಟಿದರು.

"ನಮ್ಮ ಟ್ಯಾಂಕೂ ಮಾಸಿಹೋಗಿದೆ. ಹೇಗಿದ್ರೂ ಏಣಿ ತಂದಿರ್ತೀರಲ್ಲ, ಅದಕ್ಕೂ ಒಂದು ಕೋಟ್ ಹೊಡೆದುಬಿಡಿ."

ಡಾಕ್ಟ್ರು ಆಕೆಯನ್ನು ಬಾಲ್ಕನಿಗೆ ಕರೆದೊಯ್ದು ತೋರಿಸಿದರು. ಸ್ಟೂಲಿನ ಮೇಲೆ ಹಾಸಿದ ಹಳೇ ಪೇಪರಿನಲ್ಲಿ ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕ್ ಕೂತಿತ್ತು. ನೀರಿನದಲ್ಲ, ಯುದ್ಧದ್ದು. ಮುಂದೆ ತೋಪಿನ ಕೊಳವೆ, ಎರಡೂ ಪಕ್ಕ ಚಕ್ರದ ಪಟ್ಟಿ, ಮೇಲೆ ತೆರೆದು ಮುಚ್ಚುವ ಮುಚ್ಚಳ, ಎಲ್ಲವೂ ಇದ್ದವು. ಆಕೆ "ಅಯ್ಯೋ, ಇಷ್ಟೇನಾ!" ಎಂದು ಮೂಗು ಮುರಿದು ಮೆಟ್ಟಿಲು ಹತ್ತಿದರು.

ಈ ಡಾಕ್ಟ್ರು ಆಸ್ಪತ್ರೆಯವರಲ್ಲ. ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಸವೆಸಿದವರು. ಕಾರಿನ ಮೈಮೇಲಿನ ಗೀರು ಮಾಯ ಮಾಡುವುದರಲ್ಲಿ ಎತ್ತಿದ ಕೈ, ಹಾಗಾಗಿ ಆ ಹೆಸರು. ಗೀರು ಅಳಿಸುವ ಮುಂಚೆ ಅದನ್ನು ಓದುವ ಚಾಳಿ ಬೇರೆ. ಬಾಗಿಲ ಹಿಡಿಯ ಹಿಂದಿನ ಸಣ್ಣ ಗೆರೆ ನೋಡಿ "ನಿಮ್ಮ ಮನೆಯವರ ಉಂಗುರ ಸಡಿಲ ಆಗಿದೆ, ಜೋಪಾನ" ಎಂದುಬಿಡುತ್ತಿದ್ದರು. ಗಿರಾಕಿಗಳು ಮನೆಗೆ ಹೋಗಿ ನೋಡಿದರೆ ಮಾತು ನಿಜವಾಗಿರುತ್ತಿತ್ತು. ಯಾರ ಕೈ ಎಲ್ಲಿ ತಾಗುತ್ತದೆ, ಯಾರ ಚಪ್ಪಲಿ ಎಲ್ಲಿ ಉಜ್ಜುತ್ತದೆ ಎಂಬುದು ಕಾರಿಗೆ ಗೊತ್ತಿರುತ್ತದೆ ಎಂದು ಅವರ ನಂಬಿಕೆ.

ಇಂಥ ಮನುಷ್ಯನಿಗೂ ಒಂದು ಕೊರಗಿತ್ತು. ಅದು ಅವರ ಮಾವ.

ಮಾವ ಸೈನ್ಯದಲ್ಲಿ ಟ್ಯಾಂಕ್ ಓಡಿಸಿದವರು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಮನೆಯ ಚಪ್ಪಲಿಗಳು ಇವತ್ತಿಗೂ ಸಾಲಾಗಿ ನಿಲ್ಲಬೇಕು. ಮಗಳನ್ನು ಸೈನ್ಯದವನಿಗೇ ಕೊಡಬೇಕೆಂದಿದ್ದರು, ಮಗಳು ಬಣ್ಣದವನನ್ನು ಮೆಚ್ಚಿ ತಂದಳು. ಅವರು ಜಗಳವಾಡಲಿಲ್ಲ, ಮದುವೆಗೂ ಬಂದರು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ 'ಅಳಿಯ' ಎನ್ನಲಿಲ್ಲ. ಮುಖಾಮುಖಿಯಾದರೆ "ಏನ್ರೀ ಪೇಂಟರೇ". ಬೇರೆಯವರ ಮುಂದೆ "ನನ್ನ ಮಗಳ ಮನೆಯವರು". ಡಾಕ್ಟ್ರು ಹೊರಗೆ ನಗುತ್ತಿದ್ದರು, ಒಳಗೆ ಪ್ರತಿ ಸಲವೂ ಚುರುಕ್ ಎನ್ನುತ್ತಿತ್ತು. ಯಾವ ಬಣ್ಣಕ್ಕೂ ಮುಚ್ಚಲಾಗದ ಗೀರು ಅದೊಂದೇ.

ಮಾವನಿಗೆ ಎಪ್ಪತ್ತೈದು ತುಂಬುವ ಭಾನುವಾರ ಅವರ ಹಳೇ ಸಂಗಡಿಗರು ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ಮಾವನ ಟ್ಯಾಂಕನ್ನೇ ಮಾಡಿಕೊಡಬೇಕು, ಆಗಲಾದರೂ ಆ ಒಂದು ಪದ ಬಾಯಿಂದ ಉದುರೀತು ಎಂದು ಡಾಕ್ಟ್ರ ಆಸೆ. ಮಾವನ ಹಜಾರದಲ್ಲಿ ತೂಗುಹಾಕಿದ್ದ ಟ್ಯಾಂಕಿನ ಫೋಟೋ ನೋಡಿ ಅದೇ ಜಾತಿಯದರ ಬಿಡಿಭಾಗಗಳ ಡಬ್ಬಿ ತರಿಸಿದರು. ಮೂರು ತಿಂಗಳು ಭಾನುವಾರದ ಬೆಳಗೆಲ್ಲ ಬಾಲ್ಕನಿಗೇ ಹೋಯಿತು.

ಅಂಟಿಸಿ, ಸಣ್ಣ ಸ್ಪ್ರೇ ಗನ್ನಿನಲ್ಲಿ ಹಸಿರು ಹೊಡೆದು, ಮೇಲೆ ವಾರ್ನಿಷ್ ಕೊಟ್ಟರು. ಅಲ್ಲಿಂದಾಚೆ ಅವರ ಹುಚ್ಚು ಶುರುವಾಯಿತು. ಜೀವಮಾನವಿಡೀ ತುಕ್ಕು ಕೆರೆದ ಕೈಗೆ ತುಕ್ಕು ಹಿಡಿಸುವ ಅವಕಾಶ ಸಿಕ್ಕಿತ್ತು! ಕಂದು ಬಣ್ಣ ತೆಳುಮಾಡಿ ಸಂದುಗೊಂದುಗಳಿಗೆ ಇಳಿಸಿದರು. ಸ್ಪಂಜಿನ ಚೂರಿನಿಂದ ಅಂಚುಗಳಲ್ಲಿ ಬಣ್ಣ ಎದ್ದಂತೆ ಚುಕ್ಕೆಯಿಟ್ಟರು. ಬಣ್ಣದ ಪುಡಿ ಕಲಸಿ ಪಟ್ಟಿಗೆಲ್ಲ ಕೆಸರು ಮೆತ್ತಿದರು. ಹೆಂಡತಿ ಬಟ್ಟೆ ಒಣಹಾಕಲು ಬಂದವಳು ನೋಡಿ ನಕ್ಕಳು.

"ಗ್ಯಾರೇಜಲ್ಲಿ ತುಕ್ಕು ತೆಗೀತೀರಿ, ಮನೇಲಿ ತುಕ್ಕು ಹಚ್ತೀರಿ. ಹೀಗಾದ್ರೆ ನಿಮ್ಮ ಕೆಲಸ ಯಾವತ್ತಿಗೂ ಮುಗಿಯಲ್ಲ ಬಿಡಿ."

ಹುಟ್ಟುಹಬ್ಬಕ್ಕೆ ಒಂದು ವಾರವಿರುವಾಗ ಡಾಕ್ಟ್ರಿಗೆ ತಡೆಯಲಾಗಲಿಲ್ಲ. ಟ್ಯಾಂಕನ್ನು ಡಬ್ಬಿಯಲ್ಲಿಟ್ಟುಕೊಂಡು ಹೆಂಡತಿಯ ಜೊತೆ ಮಾವನ ಮನೆಗೆ ಹೋಗಿ ಊಟದ ಮೇಜಿನ ಮೇಲಿಟ್ಟರು. ಮಾವ ಕನ್ನಡಕ ಏರಿಸಿ, ಬಗ್ಗಿ, ಸುತ್ತು ಬಂದರು.

"ಏನ್ರೀ ಪೇಂಟರೇ, ಇದು ಯಾವನ ಗಾಡಿ?"

"ನಿಮ್ಮದೇ, ಮಾವ."

"ನನ್ನ ಗಾಡಿ ಇಷ್ಟು ಗಲೀಜಾಗಿತ್ತು ಅಂತ ನಿಮಗೆ ಯಾರು ಹೇಳಿದ್ದು? ಪಟ್ಟೀಲಿ ಒಂದು ಹೆಂಟೆ ಇದ್ರೂ ನಾನು ಊಟಕ್ಕೆ ಕೂರ್ತಿರಲಿಲ್ಲ! ಹಲ್ಲುಜ್ಜೋ ಬ್ರಶ್ ಹಾಕಿ ಉಜ್ತಿದ್ದೆ ಕಣ್ರೀ. ಇದನ್ನ ನಮ್ಮೋರು ನೋಡಿದ್ರೆ ನನ್ನ ಮಾನ ಉಳಿಯುತ್ತಾ?"

ಡಾಕ್ಟ್ರ ಮುಖ ಸಪ್ಪಗಾಯಿತು. ಮೂರು ತಿಂಗಳ ಕೆಸರು ಒಂದೇ ಮಾತಿಗೆ ತೊಳೆದುಹೋಗಿತ್ತು. ಅವರ ತಪ್ಪು ಅವರಿಗೇ ಹೊಳೆಯಿತು: ಟ್ಯಾಂಕೆಂದರೆ ಹೇಗಿರುತ್ತದೆ ಎಂದು ನೂರಾರು ಚಿತ್ರ ನೋಡಿದ್ದರು, ಮಾವನನ್ನು ಮಾತ್ರ ನೋಡಿರಲಿಲ್ಲ. ಕೊಳೆಯನ್ನೆಲ್ಲ ಒರೆಸಿ ಕೊಡಬಹುದಿತ್ತು. ಆದರೆ ಹಾಗೆ ಕೊಟ್ಟರೆ ಅದು ಅಂಗಡಿಯ ಗೊಂಬೆ, ಮಾವನ ಗಾಡಿಯಾಗುವುದಿಲ್ಲ. ತೊಳೆದರೆ ಕೆಸರು ಹೋಗುತ್ತದೆ, ಸವೆತ ಹೋಗುವುದಿಲ್ಲ. ಇದು ಗ್ಯಾರೇಜಿನ ಮೊದಲ ಪಾಠ.

"ಮಾವ," ಎಂದರು ಮೆಲ್ಲಗೆ, "ನೀವು ಇದರೊಳಗೆ ಹತ್ತುತ್ತಿದ್ದದ್ದು ಹೇಗೆ?"

"ಹೇಗೆ ಅಂದ್ರೆ? ಹೀಗೆ!"

ಮಾವ ಕುರ್ಚಿ ಎಳೆದರು. ಎಡಗಾಲು ಕುರ್ಚಿಯ ಮೇಲೆ, ಬಲಗೈ ಮೇಜಿನ ಅಂಚಿಗೆ, ಬಲಮೊಣಕಾಲು ಮೇಜಿನ ಮೇಲೆ. ಎಪ್ಪತ್ತೈದಕ್ಕೆ ವಾರವಿರುವ ಮನುಷ್ಯ ಉಪ್ಪಿನ ಡಬ್ಬಿ ಉರುಳಿಸಿ ಊಟದ ಮೇಜನ್ನು ಏರಿ ಕುಕ್ಕರುಗಾಲಲ್ಲಿ ಕೂತೇಬಿಟ್ಟರು. ಅಡುಗೆಮನೆಯಿಂದ ಮಗಳು ಸೌಟು ಹಿಡಿದೇ ಓಡಿಬಂದಳು.

"ಅಪ್ಪಾ! ಇಳಿ ಕೆಳಗೆ! ಬಿದ್ದು ಸೊಂಟ ಮುರ್ಕೊಂಡ್ರೆ?"

"ಸುಮ್ನಿರೇ, ಗಾಡಿ ಹತ್ತೋದು ತೋರಿಸ್ತಿದೀನಿ. ನೋಡ್ರಿ, ಎಡಗಾಲು ಮುಂದಿನ ಕೊಕ್ಕೆ ಮೇಲೆ. ಬಲಗೈ ದೀಪದ ಕಂಬಿಗೆ. ಮೊಣಕಾಲು ಇಳಿಜಾರಿನ ಮೇಲೆ. ಆಮೇಲೆ ಎರಡೂ ಕೈ ಮುಚ್ಚಳದ ಅಂಚಿಗೆ, ಜುಂಯ್ ಅಂತ ಒಳಗೆ. ದಿನಕ್ಕೆ ಹತ್ತು ಸಲ, ಹನ್ನೊಂದು ವರ್ಷ!"

"ಆ ಕಂಬಿ ಮೇಲೆ ಬಣ್ಣ ನಿಲ್ತಿತ್ತಾ?"

ಮಾವ ಮೇಜಿನ ಮೇಲೆ ಕೂತಲ್ಲೇ ಒಂದು ಗಳಿಗೆ ತಮ್ಮ ಅಂಗೈ ನೋಡಿಕೊಂಡರು.

"ಎಲ್ಲಿ ನಿಲ್ಲುತ್ತೆ? ಎಷ್ಟು ಸಲ ಬಳಿದರೂ ನನ್ನ ಕೈ ತಿಂದುಹಾಕ್ತಿತ್ತು. ಅದೊಂದಕ್ಕೆ ಸಾಹೇಬ್ರ ಹತ್ರ ಬೈಸ್ಕೊಂಡಿದೀನಿ."

ಅಪ್ಪ ಮಗಳು ಚೆಲ್ಲಿದ ಉಪ್ಪು ಬಾಚುತ್ತ ಕಿತ್ತಾಡುತ್ತಿರುವಾಗಲೇ ಡಾಕ್ಟ್ರು ಟ್ಯಾಂಕನ್ನು ಡಬ್ಬಿಗೆ ಹಾಕಿಕೊಂಡಾಗಿತ್ತು.

ಆ ವಾರ ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ತುಕ್ಕು ಕೆಸರು ಎಲ್ಲ ಒರೆಸಿದರು. ಅಡಿಯ ವಾರ್ನಿಷ್ ಗಟ್ಟಿಯಿದ್ದದ್ದರಿಂದ ಹಸಿರು ಉಳಿಯಿತು. ಆಮೇಲೆ ಪೆನ್ಸಿಲಿನ ಸೀಸ ಪುಡಿಮಾಡಿ, ಬೆರಳ ತುದಿಗೆ ಹಚ್ಚಿಕೊಂಡು, ಕಣ್ಣುಮುಚ್ಚಿ ಒಮ್ಮೆ ಮಾವ ಮೇಜು ಹತ್ತಿದ್ದನ್ನು ನೆನೆದರು. ಎಡಗಡೆಯ ಕೊಕ್ಕೆ. ದೀಪದ ಕಂಬಿ. ಇಳಿಜಾರಿನಲ್ಲಿ ಮೊಣಕಾಲಿನ ಜಾಗ. ಮುಚ್ಚಳದ ಅಂಚು. ಅಷ್ಟೇ ಕಡೆ, ಹಗುರಾಗಿ, ಬಣ್ಣ ಸವೆದು ಕಬ್ಬಿಣ ಮಿನುಗುವಂತೆ ತಿಕ್ಕಿದರು.

ಭಾನುವಾರ ಹಜಾರದಲ್ಲಿ ಮೂವರು ಸಂಗಡಿಗರು ಸೋಫಾ ಕುರ್ಚಿಗಳಲ್ಲಿ ತುಂಬಿಕೊಂಡಿದ್ದರು. ಡಾಕ್ಟ್ರು ಡಬ್ಬಿಯನ್ನು ಮಾವನ ಮುಂದಿಟ್ಟು, ಚಹಾ ತರುವ ನೆಪದಲ್ಲಿ ಅಡುಗೆಮನೆಗೆ ನುಸುಳಿದರು. "ಈ ಸಲವೂ ಬೈದರೆ ನಾನು ಹಿಂದಿನ ಬಾಗಿಲಿಂದ ಹೊರಟೆ" ಎಂದರು ಹೆಂಡತಿಗೆ. "ಹಿಂದೆ ಬಾಗಿಲಿಲ್ಲ, ತಟ್ಟೆ ಹಿಡಿದು ನಡೀರಿ" ಎಂದಳು ಅವಳು.

ಬರುವಷ್ಟರಲ್ಲಿ ಡಬ್ಬಿ ತೆರೆದಾಗಿತ್ತು. ಮಾವ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಎರಡು ಬೆರಳು ಪುಟ್ಟ ಕಾಲುಗಳ ಹಾಗೆ ಅದರ ಮೇಲೆ ಹತ್ತುತ್ತಿದ್ದವು. ಕೊಕ್ಕೆಗೆ ಒಂದು, ಕಂಬಿಗೆ ಒಂದು, ಇಳಿಜಾರು, ಮುಚ್ಚಳದ ಅಂಚು. ಬೆರಳು ಇಟ್ಟಲ್ಲೆಲ್ಲ ಮಿನುಗು ಮೊದಲೇ ಕಾದು ಕೂತಿತ್ತು. ಅವರು ಮತ್ತೆ ಕೊಕ್ಕೆಯಿಂದ ಶುರುಮಾಡಿದರು.

"ನಾನೇ," ಎಂದರು ಕೊನೆಗೆ. "ಇದು ನಾನೇ ಹತ್ತಿದ್ದು."

"ಭೇಷ್!" ಎಂದರು ಪಕ್ಕದ ಸಂಗಡಿಗರೊಬ್ಬರು, ಕತ್ತು ಚಾಚಿ. "ಯಾರೋ ಒಳ್ಳೇ ಪೇಂಟರ್ ಸಿಕ್ಕಿದ್ದಾನೆ ನಿನಗೆ."

ಮಾವ ಸರ್ರನೆ ಸಿಟ್ಟಾದರು. "ಪೇಂಟರ್ ಅಂತೀಯಲ್ಲೋ! ಮಾತಾಡೋಕೆ ಮರ್ಯಾದೆ ಬೇಡ್ವಾ? ನಮ್ಮ ಅಳಿಯಂದಿರು ಕಣೋ ಅವರು!"

ಅಳಿಯನಲ್ಲ, ಅಳಿಯಂದಿರು. ಡಾಕ್ಟ್ರು ಚಹಾದ ತಟ್ಟೆ ಹಿಡಿದು ಹಜಾರದ ನಡುವೆಯೇ ನಿಂತುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ನಗುವಿಗೋ ಅಳುವಿಗೋ ಅವಳಿಗೇ ತಿಳಿಯದು. ಮಾವ ಟ್ಯಾಂಕನ್ನು ಎದೆಗವಚಿಕೊಂಡು, ಸೋಫಾದಲ್ಲಿ ಸರಿದು ಜಾಗ ಮಾಡಿದರು.

"ನಿಂತೇ ಇದ್ದೀರಲ್ಲ ಅಳಿಯಂದಿರೇ, ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಡಾಕ್ಟ್ರು ಚಹಾ ಕೊಡುವುದನ್ನು ಮರೆತು, ತಟ್ಟೆಯ ಸಮೇತ ಹೋಗಿ ಕೂತರು.