ಸಪ್ಪಳ ಹೆಂಗಿತ್ತು?

ಟೆಸ್ಟರು ಸಿಕ್ಕಿಸಿ ಸಿಕ್ಕಿಸಿ ಅವರ ಎಡಗಿವಿ ಮುಂದಕ್ಕೆ ಬಾಗಿತ್ತು, ಪಕ್ಕದ ಮನೆಯ ಜಗಳಕ್ಕೆ ಒಡ್ಡಿದ ಕಿವಿಯ ಹಾಗೆ. ಬೆಟಗೇರಿಯ ನಮ್ಮ ಓಣಿಗೆಲ್ಲ ಅವರು ಚಾಚಾ. ಇಲ್ಲಿಂದ ಕಳಸಾಪುರದವರೆಗೆ ಯಾರ ಮನೆಯಲ್ಲಿ ಕರೆಂಟು ಕೆಟ್ಟರೂ ಮಂದಿ ಅವರ ಮನೆ ಬಾಗಿಲಿಗೇ ಹೋಗಬೇಕು. ಫೋನು ಇಟ್ಟುಕೊಂಡಿರಲಿಲ್ಲ. "ಅದರಾಗ ಬರೇ ಸುಳ್ಳು ಬರ್ತಾವ" ಅನ್ನುತ್ತಿದ್ದರು.

ರಿಪೇರಿಗೆ ಬಂದ ಚಾಚಾ ಮೊದಲು ಮನೆಮಂದಿಯನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡು, "ಕರೆಂಟ್ ಹೋಗೂ ಮುಂದ ಸಪ್ಪಳ ಹೆಂಗಿತ್ತು?" ಎಂದು ಕೇಳುತ್ತಿದ್ದರು. ಆಮೇಲೆ ಮೇನ್ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡೇ ಏಣಿ ಹತ್ತುವುದು. "ಮನಿಗೆ ಒಯ್ದು ಪಲ್ಲೆ ಮಾಡಸ್ತೀರೇನ್ರಿ?" ಎಂದು ನಾನು ಕಾಡಿದರೆ ನಕ್ಕುಬಿಡುತ್ತಿದ್ದರು.

ನನ್ನ ಕೆಲಸ ಮಂದಿಯ ದನಿ ಕದಿಯುವುದು. ಕಾಲೇಜಿನ ಮೇಷ್ಟ್ರಿಂದ ಹಿಡಿದು ಅಪ್ಪನ ಗೊರಕೆಯವರೆಗೆ ಎಲ್ಲ ನನ್ನ ಹತ್ತಿರ ಸ್ಟಾಕಿನಲ್ಲಿದ್ದವು. ನನ್ನದೇ ದನಿ ಎಲ್ಲಿಟ್ಟಿದ್ದೆನೋ ನೆನಪಿರಲಿಲ್ಲ. ಚಾಚಾರ ಅಣಕು ನನ್ನ ದೊಡ್ಡ ಐಟಮ್ಮು.

ಹೋದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಮನೆಯದೊಂದೇ ಕರೆಂಟು ಹೋಯಿತು. ಮೇನ್ ಸ್ವಿಚ್ಚು ಎತ್ತಿದಷ್ಟೂ ಬೀಳುತ್ತಿತ್ತು. ಚಾಚಾ ಬಂದು ಎಂದಿನಂತೆ ವಿಚಾರಣೆ ಶುರು ಮಾಡಿದರು.

"ಢಬ್ ಅಂತ್ರಿ" ಎಂದಳು ಅವ್ವ.

"ಢಬ್ ಅಂದಿದ್ದು ನೀ ಡಬ್ಬಿ ಕೆಡವಿದ್ದು. ಕರೆಂಟ್ ಟಪ್ ಅಂತು" ಎಂದ ಅಪ್ಪ.

ನಾನು ಮುಂದೆ ಬಂದು, ಒಗ್ಗರಣೆ ಸಿಡಿದ ಹಾಗೆ "ಚರ್ರ್ರ್... ಟಪ್!" ಎಂದೆ.

"ಇನ್ನೊಮ್ಮೆ ಮಾಡು. ಸಾವಕಾಶ" ಎಂದರು ಚಾಚಾ. ಮಾಡಿದೆ. "ಮೊದಲ ಚರ್ರ್ ಅಂದೈತಿ ಅಂದ್ರ ನೀರು. ಎಲ್ಲ್ಯೋ ಜಾಯಿಂಟಿನಾಗ ಮಳಿ ಇಳದೈತಿ."

ಒಂದೊಂದೇ ಲೈನು ಬಿಚ್ಚಿ ನೋಡಿ, ದೋಷ ಮಾಳಿಗೆಯ ಲೈನಿನಲ್ಲಿದೆ ಎಂದು ಖಾತ್ರಿ ಮಾಡಿಕೊಂಡು, ಫ್ಯೂಸು ಕಿಸೆಗಿಳಿಸಿ ಮೇಲೆ ಹತ್ತಿದರು. ನಾನೂ ಬೆನ್ನು ಹತ್ತಿದೆ. ಅಲ್ಲಿ ನನ್ನ ಹಳೆಯ ಆಟ ಹೂಡಿದೆ: ದನಿಯೇ ಇಲ್ಲದೆ ಬರೀ ತುಟಿ ಆಡಿಸುವುದು. ಎದುರಿನವರು "ಆಂ?" ಎಂದು ಕಿವಿಯಲ್ಲಿ ಬೆರಳು ಆಡಿಸುವುದು ನೋಡಲು ಮಜಾ. ಹಾಗೆಯೇ, "ಚಹಾ ಕುಡೀತೀರೇನ್ರಿ ಚಾಚಾ?" ಎಂದು ತುಟಿ ಆಡಿಸಿದೆ.

"ಕುಡೀತೀನಿ. ಸಕ್ರಿ ಕಡಿಮಿ ಹಾಕಂತ ಹೇಳು" ಎಂದರು ಚಾಚಾ.

ನಾನು ದನಿಯನ್ನೇ ತೆಗೆದಿರಲಿಲ್ಲ. ನನ್ನ ಮುಖ ನೋಡಿ ಅವರಿಗೂ ಅದು ತಿಳಿಯಿತು. ಒದ್ದೆ ಜಾಯಿಂಟನ್ನು ಬಟ್ಟೆಯಿಂದ ಒರೆಸುತ್ತ ಮೆಲ್ಲಗೆ ಹೇಳಿದರು: "ಸೋರೂ ಕೊಡದಾಗಿನ ನೀರಿನಂಗ ಹೋತು. ಈಗ ಎರಡೂ ಕಿವಿ ಖಾಲಿ."

"ಮತ್ತ ಸಪ್ಪಳ ಯಾಕ ಕೇಳ್ತೀರಿ?"

"ಮೊದಲೆಲ್ಲಾ ಕಿವೀಲೆ ಕೇಳ್ತಿದ್ದೆ. ಈಗ ಬಾಯಿ ನೋಡಿ ಕೇಳ್ತೀನಿ. ನಿಮ್ಮಪ್ಪಂದು ಅರ್ಧಾ ಮಾತು ಮೀಸ್ಯಾಗ ಸಿಕ್ಕೊಂತಾವ. ಇಡೀ ಓಣ್ಯಾಗ ನೀ ಒಬ್ಬಾವನ ಬಾಯಿ ಪೂರಾ ತಗದು ಮಾತಾಡ್ತಿ."

"ಕೆಳಗಿಂದ ಯಾರರ 'ಸ್ವಿಚ್ ಹಾಕ್ಲೇನ್ರಿ' ಅಂತ ಒದರಿದ್ರ?"

ಕಿಸೆ ತಟ್ಟಿ ತೋರಿಸಿದರು. ಫ್ಯೂಸು ಅಲ್ಲಿ ಯಾಕೆ ಇರುತ್ತದೆಂದು ಆಗ ತಿಳಿಯಿತು.

"ಆದ್ರ ಮಂದಿಗೆ ಇದು ತಿಳಿಯೂದಿಲ್ಲ. ಖಬರ ಆತಂದ್ರ ನಾಳಿಂದ ಯಾರೂ ಬೋರ್ಡಿಗೆ ಕೈ ಹಚ್ಚಾಕ ಬಿಡೂದಿಲ್ಲ. ಕೆಲಸ ಇಲ್ಲದ ನಾ ಏನ್ ಮಾಡ್ಲಿ? ನಿನ್ನ ಬಾಯಿ ನೋಡಿದ್ರ ಹೆದರಿಕಿ ಬರ್ತೈತಿ."

ಆ ಸಂಜೆ ಚಹಾದಂಗಡಿಯಲ್ಲಿ ಗೆಳೆಯನೊಬ್ಬ, "ಏ, ಚಾಚಾನ ಮಾಡಲೇ!" ಎಂದ. ಮಾಡಿದರೆ ಎದುರಿನವರ ಬಾಯಿ ಮೇಲಿನ ಆ ನೆಟ್ಟ ನೋಟ, ಆ "ಇನ್ನೊಮ್ಮೆ" ಎಲ್ಲವನ್ನೂ ಮಾಡಬೇಕು, ಯಾರಿಗಾದರೂ ಹೊಳೆದುಬಿಟ್ಟರೆ? ಆಚೆ ಬೆಂಚಿನಲ್ಲಿ ಕೂತಿದ್ದ ಚಾಚಾರ ಚಹಾದ ಬಸಿ ತುಟಿಯ ಹತ್ತಿರ ನಿಂತಿತ್ತು. ಅವರಿಗೆ ಕಾಣುವಂತೆ ಬಾಯಿ ಪೂರಾ ತೆರೆದು ಹೇಳಿದೆ: "ಚಾಚಾ ನನಗ ಬರೂದಿಲ್ಲಲೇ."

ಬಸಿ ಖಾಲಿಯಾಯಿತು.

ಕೊನೆಯವರೆಗೂ ಅವರಿಗೆ ಕೆಲಸ ತಪ್ಪಲಿಲ್ಲ. ಈ ಬೇಸಗೆಯಲ್ಲಿ ತೀರಿಕೊಂಡರು. ಮಣ್ಣು ಮುಗಿಸಿ ಬರುವಾಗ ಅಪ್ಪ ಕಣ್ಣೊರೆಸಿಕೊಂಡು, "ಏನ್ ಕಿವಿಯಪಾ ಅವರದು! ಬರೇ ಸಪ್ಪಳ ಕೇಳಿ ಕರೆಂಟಿನ ರೋಗ ಹಿಡೀತಿದ್ರು. ಹೌದಿಲ್ಲೋ?" ಎಂದ.

"ಹೌದಪಾ, ಕಿವಿ ಭಾಳ ಚುರುಕಿದ್ವು" ಎಂದೆ, ಯಾರ ದನಿಯನ್ನೂ ಮಾಡದೆ.