ಹೋಗುತ್ತೇನೆ ಎಂಬ ಪಲ್ಲವಿ

ವ್ಯಾಕರಣ ಬಲ್ಲೆನೆಂಬ ಜಂಬವುಳ್ಳವರನ್ನು ಪ್ರೇಮಿಗಳು ಹತ್ತಿರ ಸೇರಿಸಬಾರದು. ಈ ಮಾತನ್ನು ನಾನು ಅಧಿಕಾರದಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ನನ್ನನ್ನು ಸೇರಿಸಿಕೊಂಡ ಪ್ರೇಮಿಯ ಗತಿ ಕಣ್ಣಾರೆ ಕಂಡಿದ್ದೇನೆ.

ಅವನು ಹಣಕೋಣದ ದಿನೇಶ, ಕಾರವಾರದ ಬಂದರು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು. ಸಿಡಿಗಳು ಕ್ಯಾಸೆಟ್ಟುಗಳನ್ನು ಅಂಗಡಿಯಿಂದ ಹೊರದಬ್ಬುತ್ತಿದ್ದ ಕಾಲ. ಗಿಟಾರು ಹಿಡಿದು ಮೆಲ್ಲಗೆ ಹಾಡುತ್ತಿದ್ದ ದಿನೇಶ ತನ್ನದು 'ಸಾಫ್ಟ್ ರಾಕ್' ಎನ್ನುತ್ತಿದ್ದ. ರಾಕ್ ಎಂದರೆ ಬಂಡೆ ಎಂದಷ್ಟೇ ತಿಳಿದಿದ್ದ ನಾನು, ಮೆತ್ತನೆಯ ಬಂಡೆ ಎಲ್ಲಾದರೂ ಉಂಟೇ ಎಂದು ನಕ್ಕೆ. ಆಮೇಲೆ ನಮ್ಮ ಚಿರೆಕಲ್ಲು ನೆನಪಾಯಿತು. ಕಡಿಯುವಾಗ ಮೆದು, ಬಿಸಿಲು ಗಾಳಿ ತಾಗಿದ ಮೇಲೆ ಗಟ್ಟಿ. ದಿನೇಶ ಮಾತ್ರ ಭಾವಿಕೇರಿಯ ಸುನಂದಾಳ ಎದುರು ಯಾವ ಬಿಸಿಲಿಗೂ ಗಟ್ಟಿಯಾಗಲಿಲ್ಲ.

ಸುನಂದಾ ಅಂಕೋಲೆಯ ಶಾಲೆಯೊಂದರಲ್ಲಿ ಟೀಚರು. ಅವಳಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದರು. ಅದೇ ಹೊತ್ತಿಗೆ ದಿನೇಶನಿಗೆ ದೂರದ ಬಂದರಿಗೆ ವರ್ಗವಾಯಿತು. ಮದುವೆಯ ಮಾತು ಎತ್ತಲು ಬಾಯಿ ಬಾರದೆ ಅವನೊಂದು ಹಾಡು ಕಟ್ಟಿದ. 'ಪಲ್ಲವಿಯ ಕೊನೇ ಸಾಲು ಕೇಳು, ನನ್ನ ಮಾತು ಅದರಲ್ಲಿದೆ' ಎಂದು ಅವಳಿಗೆ ಹೇಳಿಯೂ ಇಟ್ಟಿದ್ದ. ಇದು ನನಗೆ ತಿಳಿದದ್ದು ಆಮೇಲೆ. ನನ್ನ ಕೈಗೆ ಬಂದದ್ದು ಕೊಂಕಣಿ ಸಾಲುಗಳು ಮಾತ್ರ. ಅವಳ ಮನೆಮಾತು ಕನ್ನಡ, ಹಾಗಾಗಿ ಕನ್ನಡ ಮಾಡಿಕೊಡು ಎಂದ.

ಆ ಕೊನೇ ಸಾಲು, 'ಹಾಂವ್ ಯೆತಾಂ'. ನಾನು ಬರುತ್ತೇನೆ ಎಂದರ್ಥ. ಆದರೆ ಕೊಂಕಣಿಯವರು ಎದ್ದು ಹೊರಡುವಾಗಲೂ ಹೇಳುವುದು ಅದನ್ನೇ. ನಾವೇನು ಕಡಿಮೆ? ಉಪ್ಪು ತರಲು ಅಂಗಡಿಗೆ ಹೊರಟವನೂ 'ಬತ್ತೆ' ಅನ್ನದೆ ಹೊಸಿಲು ದಾಟುವುದಿಲ್ಲ. 'ಹೋಗುತ್ತೇನೆ' ಎಂಬುದು ಅಪಶಕುನ. ನಾನು ಯೋಚಿಸಿದೆ: ಇವನಿಗೆ ವರ್ಗವಾಗಿದೆ, ಪಾಪ, ವಿದಾಯ ಹೇಳುತ್ತಿದ್ದಾನೆ. ಕಾವ್ಯಕ್ಕೆ ಹೊಸಿಲಿನ ಮರ್ಯಾದೆ ಯಾಕೆ? 'ನಾನು ಹೋಗುತ್ತೇನೆ' ಎಂದು ಬರೆದೇಬಿಟ್ಟೆ.

ಮರಾಠಿ ಶಾಲೆಯಲ್ಲಿ ಕಲಿತ ದಿನೇಶನಿಗೂ ಅನುಮಾನ ಬಂತು. "ಹೋಗ್ತೇನೆ ಅಂದ್ರೆ ವಾಪಸ್ ಬರೂದಿಲ್ಲ ಅಂತ ಆಗೂದಿಲ್ಲ ಅಲ್ಲ?" ಎಂದು ಕೇಳಿದ. ಕಾವ್ಯದಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದು ಗಂಭೀರವಾಗಿ ಹೇಳಿದೆ. ನನ್ನ ಕನ್ನಡವನ್ನು ಇಷ್ಟು ನಂಬಿದವರು ನನ್ನ ಮನೆಯಲ್ಲೂ ಇಲ್ಲ.

ಹಾಡು ಸಿಡಿಯಾಯಿತು. ಬಿಡುಗಡೆ ಅಂಕೋಲೆಯ ಸಣ್ಣ ಸಭಾಂಗಣದಲ್ಲಿ, ಒಂದು ಶುಕ್ರವಾರ ಸಂಜೆ. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಸಿಡಿ ಎತ್ತಿ ತೋರಿಸಿದರು, ಭಾಷಣವೂ ಆಯಿತು. ದಿನೇಶ ಕಣ್ಣು ಮುಚ್ಚಿ ಹಾಡಿದ. ಎರಡನೇ ಸಾಲಿನಲ್ಲಿ ತಾಯಿಯೊಂದಿಗೆ ಕೂತಿದ್ದ ಸುನಂದಾ ಪಲ್ಲವಿಯ ಕೊನೆಗೆ ಬರುವಾಗ ಉಸಿರು ಹಿಡಿದಿದ್ದಳು. 'ನಾನು ಹೋಗುತ್ತೇನೆ' ಎಂದು ಅವನು ಮುಗಿಸಿದಾಗ ಅವಳ ಮುಖ ಬಾಡಿಹೋಯಿತು. ಬ್ಯಾಗನ್ನು ಎದೆಗವಚಿಕೊಂಡು ತಲೆ ತಗ್ಗಿಸಿದಳು. ನಾನೇನು ಮಾಡಿದ್ದೇನೆಂದು ಆಗಷ್ಟೇ ಹೊಳೆಯಿತು, ಎದ್ದು ಓಡಿಹೋಗುವಷ್ಟು ನಾಚಿಕೆಯಾಯಿತು.

ಚಪ್ಪಾಳೆ ಶುರುವಾಗುವ ಮೊದಲೇ ಅವಳ ತಾಯಿ, ಜಗಲಿಯಲ್ಲಿ ನಿಂತವರ ಹಾಗೆ, ಗಟ್ಟಿಯಾಗಿ ಗದರಿದರು: "ಹೋತೆ ಅನ್ನೂಕಾಗ ತಮಾ! ಬತ್ತೆ ಅನ್ನು!"

ಸಭೆ ಗೊಳ್ಳೆಂದು ನಕ್ಕಿತು. ದಿನೇಶ ನಗಲಿಲ್ಲ. ಮೈಕಿನಲ್ಲೇ, ಕೈಕಟ್ಟಿ ನಿಂತ ವಿದ್ಯಾರ್ಥಿಯ ಹಾಗೆ, "ಬತ್ತೆ" ಎಂದ.

ಸುನಂದಾ ತಲೆಯೆತ್ತಿದಳು. "ಯಾವಾಗ?"

"ಐತವಾರ. ಆಯಿ-ಬಾಬಾನ್ನ ಕರ್ಕೊಂಡು."

ಅಚ್ಚಾದ ಸಿಡಿಯನ್ನು ತಿದ್ದುವಂತಿರಲಿಲ್ಲ. ಕೇಳಿದವರು ಈಗಲೂ ಎಂಥ ವಿರಹ ಮಾರಾಯ ಎಂದು ದಿನೇಶನ ಮನೆಗೆ ಬಂದು ಸಮಾಧಾನ ಹೇಳುತ್ತಾರೆ. ಅವರಿಗೆ ಚಾ ತಂದುಕೊಡುವವಳು ಸುನಂದಾ. ಒಂದೇ ತೊಂದರೆ ಎಂದರೆ, ಮನೆಯಿಂದ ಹೊರಡುವಾಗ ದಿನೇಶ ತನ್ನ ಹಾಡನ್ನು ಗುನುಗುವ ಹಾಗಿಲ್ಲ. ಅತ್ತೆಯ ಕಟ್ಟಪ್ಪಣೆ.