ಗುತ್ತೂರಿನ ದಾರಿಯಲ್ಲಿ ಇಳಿದವರು

ಇದನ್ನು ಮೊದಲು ಹೇಳಿದ್ದು ನನ್ನ ಗಂಡನಿಗೆ. ಅವನು ಪೂರ್ತಿ ಕೇಳಿ, "ನಿನಗೆ ದಣಿವಾಗೈತೆ, ನಾಳೆ ಆಟೋ ತೆಗೀಬ್ಯಾಡ" ಅಂದ. ಆಮೇಲೆ ಯಾರಿಗೂ ಹೇಳಲು ಹೋಗಿಲ್ಲ. ನೀವೂ ನಂಬದಿದ್ದರೆ ನನಗೆ ಬೇಜಾರಿಲ್ಲ. ಆದರೆ ಆ ರಾತ್ರಿ ನನ್ನ ಆಟೋದ ಹಿಂದಿನ ಸೀಟಿನಲ್ಲಿ ಕೂತಿದ್ದವರು ಇಬ್ಬರೇ ಅಲ್ಲ. ಬಂಡಿ ಓಡಿಸುವವರಿಗೆ ಹಿಂದಿನ ಭಾರ ಬೆನ್ನಿಗೇ ಗೊತ್ತಾಗುತ್ತದೆ.

ನಾನು ದಾವಣಗೆರೆಯವಳು, ಹೆಸರು ಗಿರಿಜಾ. ಮನೆ ಕೆ.ಬಿ. ಬಡಾವಣೆಯ ಹಿಂದಿನ ಗಲ್ಲಿಯಲ್ಲಿ. ನನ್ನದು ಬ್ಯಾಟರಿ ಆಟೋ. ಅದಕ್ಕೆ ಎಂಜಿನ್ನಿನ ಸದ್ದೇ ಇಲ್ಲ. ಪೇಟೆಯಲ್ಲಿ ಅದು ಎಷ್ಟು ಸುಖವೋ, ಕತ್ತಲ ರಸ್ತೆಯಲ್ಲಿ ಅಷ್ಟೇ ಕಷ್ಟ. ಕೇಳಬಾರದ್ದೆಲ್ಲ ಕೇಳಿಸುತ್ತದೆ...

ಅವತ್ತು ಮಧ್ಯಾಹ್ನ ರೈಲ್ವೆ ಸ್ಟೇಷನ್ ಎದುರು ನಿಂತಿದ್ದೆ. ಒಬ್ಬ ವಯಸ್ಸಾದ ಹೆಂಗಸು, ಜೊತೆಗೆ ಅವರ ಮಗಳು, ಕೈಚೀಲ ಹಿಡಿದು ಬಂದರು. ಕಾರವಾರದವರು. ಮಗಳ ಹೆಸರು ವಿದ್ಯಾ. ತಾಯಿಯನ್ನು ಅವಳು ಆಯಿ ಅಂತ ಕರೆಯುತ್ತಿದ್ದಳು, ಸಂಜೆಯ ಹೊತ್ತಿಗೆ ನಾನೂ ಹಾಗೇ ಕರೆಯುತ್ತಿದ್ದೆ.

"ಹರಿಹರ ನೋಡಬೇಕು. ಬಸ್ಸಲ್ಲಿ ಹೋಗೋದು ಒಳ್ಳೇದೋ, ಆಟೋ ಒಳ್ಳೇದೋ?" ವಿದ್ಯಾ ಕೇಳಿದಳು.

"ಹರಿಹರಕ್ಕೆ ಬಸ್ಸು ಬೇಕಾದಷ್ಟು ಅದಾವ್ರಿ. ಬರೇ ಗುಡಿ ನೋಡಿ ಬರೋದಾದ್ರೆ ಬಸ್ಸೇ ಸಾಕು. ಇಳಿದು ನಡಕೊಂಡು ಹೋಗಬಹುದು. ಹೊಳೆ ದಂಡೆ, ಸುತ್ತಲ ಹಳ್ಳಿ ಅಂತ ತಿರುಗಾಡೋದಾದ್ರೆ ಅಮ್ಮಾರಿಗೆ ಆಗಂಗಿಲ್ಲ. ಕತ್ತಲಾದ ಮ್ಯಾಲೆ ಹಳ್ಳಿ ಬಸ್ಸು ನೆಚ್ಚಿಕೊಳ್ಳಾಕೆ ಬರಲ್ಲ."

ತಾಯಿ ನೇರ ಬಂದು ಆಟೋದಲ್ಲಿ ಕೂತರು. ಅಲ್ಲಿಗೆ ತೀರ್ಮಾನವಾಯಿತು.

ಗುಡಿಯಲ್ಲಿ ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅರ್ಧ ಶಿವ, ಅರ್ಧ ವಿಷ್ಣುವಾದ ಆ ಮೂರ್ತಿಗೆ ಕೈಮುಗಿದು ಹೊರಗೆ ಬಂದುಬಿಟ್ಟರು. ಆಯಿ ಬಂದದ್ದು ಬೇರೆ ಕೆಲಸಕ್ಕೆ ಅಂತ ನನಗೆ ಗೊತ್ತಾದದ್ದು ಹೊಳೆ ದಂಡೆಯಲ್ಲಿ. ವಿದ್ಯಾ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು.

"ನಮ್ಮ ಅಪ್ಪ ವಯಸ್ಸಿನಲ್ಲಿದ್ದಾಗ ಇಲ್ಲಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ರು. ಗುತ್ತೂರಲ್ಲಿ ಒಂದು ರೂಮು. ಆಯಿ ಅಲ್ಲಿ ಕಾರವಾರದಲ್ಲಿ, ಅವರು ಇಲ್ಲಿ. ಹಬ್ಬಕ್ಕೆ ಮಾತ್ರ ಬರ್ತಿದ್ರು. ಒಂದ್ಸಲ ಕರ್ಕೊಂಡು ಬಂದು ತೋರಿಸ್ತೇನೆ ಅಂತ ಸಾಯೋತನಕ ಹೇಳಿದ್ರು. ಈ ಮಳೆಗಾಲಕ್ಕೆ ಹೋಗಿಬಿಟ್ರು. ಆಯಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅದೇ ನಮಗೆ ಭಯ."

ಗುತ್ತೂರಿಗೆ ಹೋದೆವು. ಹುಡುಕುತ್ತ ಹುಡುಕುತ್ತ ಹೊತ್ತು ಮುಳುಗಿತು. ಆ ಸಾಲುಮನೆ ಈಗಿಲ್ಲ. ಒಂದು ಮೊಣಕಾಲೆತ್ತರದ ಗೋಡೆ, ಅದರೊಳಗೆ ಬೆಳೆದ ಜಾಲಿ. ಪಕ್ಕದ ಮನೆಯ ಮುದುಕಿಗೆ ಆಯಿಯ ಗಂಡನ ನೆನಪಿತ್ತು. "ಮೀನು ತಿನ್ನೋ ಊರಿಂದ ಬಂದೋರಲ್ವಾ? ಭಾಳ ಒಳ್ಳೇರು. ಎರಡನೇ ಪಾಳಿಗೆ ಓಡ್ತಿದ್ರು, ಯಾವಾಗ್ಲೂ ತಡ ಮಾಡ್ಕೊಂಡು" ಅಂದಳು. ಆಯಿ ಮೊದಲ ಸಲ ಸ್ವಲ್ಪ ನಕ್ಕರು. ಆ ಗೋಡೆಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತರು. ಏನೋ ಪಿಸುಗುಟ್ಟಿದರು. ನಮಗೆ ಕೇಳಿಸಲಿಲ್ಲ.

ಹೊರಟಾಗ ಪೂರ್ತಿ ಕತ್ತಲು.

ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಕರೆಂಟು ಹೋಯಿತು. ದೂರದ ಮನೆಗಳ ದೀಪ, ರಸ್ತೆಯ ದೀಪ, ಎಲ್ಲವೂ ಒಟ್ಟಿಗೆ. ನನ್ನ ಹೆಡ್‌ಲೈಟಿನ ಬೆಳಕು ಬಿಟ್ಟರೆ ಬೇರೇನೂ ಇಲ್ಲ. ಅದೇ ಹೊತ್ತಿಗೆ ಆಟೋ ಹಿಂದಕ್ಕೆ ಜಗ್ಗಿತು...

ಓಡುತ್ತಿರುವ ಬಂಡಿಗೆ ಯಾರೋ ಹತ್ತಿ ಕೂತ ಹಾಗೆ. ಹಿಂದಿನ ಚಕ್ರಗಳು ಕುಸಿದವು. ಟೈರಿನ ಗಾಳಿ ಹೋಯಿತೇನೋ ಅಂದುಕೊಂಡೆ. ಆದರೆ ಆಟೋ ಸರಿಯಾಗೇ ಹೋಗುತ್ತಿತ್ತು. ಭಾರವಾಗಿ, ಅಷ್ಟೇ.

ಆಮೇಲೆ ವಾಸನೆ ಬಂತು. ಉಪ್ಪುನೀರಿನದು, ಒಣಗಿಸಿದ ಮೀನಿನದು. ನಮ್ಮ ಬಯಲುಸೀಮೆಯ ಗಾಳಿಯಲ್ಲಿ ಆ ವಾಸನೆಗೆ ಜಾಗವಿಲ್ಲ.

ಕನ್ನಡಿಯಲ್ಲಿ ನೋಡಿದೆ. ವಿದ್ಯಾ ಬಲಗಡೆ ಕಂಬಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ಆಯಿ ಎಡಗಡೆಗೆ, ಅಂಚಿಗೇ ಸರಿದು ಮುದುಡಿ ಕೂತಿದ್ದರು. ನಡುವೆ ಜಾಗ ಖಾಲಿ.

"ಯಾಕ ಆಯಿ, ಅಂಚಿಗೆ ಕುಂತೀರಿ? ಬಿದ್ದೀರಿ. ನಡುವೆ ಸರಿದು ಕೂಡ್ರಿ."

"ಬೇಡ. ನನಗೆ ಇಷ್ಟು ಜಾಗ ಸಾಕು" ಅಂದರು. ಅಷ್ಟು ಹೊತ್ತು ಕೇಳದ ಮೆತ್ತನೆ ದನಿ.

ನಾನು ಮತ್ತೆ ಕನ್ನಡಿ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

ಆಗ ಸೈರನ್ ಕೂಗಿತು. ದೂರದಿಂದ, ಎಳೆದು ಎಳೆದು. ಹಿಂದೆ ಪಾಳಿ ಬದಲಾಗುವಾಗ ಫ್ಯಾಕ್ಟರಿಗಳಲ್ಲಿ ಕೂಗುತ್ತಿತ್ತಲ್ಲ, ಹಾಗೆ. ಕರೆಂಟಿಲ್ಲದ ಕತ್ತಲಲ್ಲಿ ಎಲ್ಲಿಂದ ಕೂಗುತ್ತಿದೆ ಅಂತ ಯೋಚಿಸುವಷ್ಟರಲ್ಲಿ, ನನ್ನ ಕಿವಿಯ ಹಿಂದೆಯೇ ಒಂದು ಗಂಡಸಿನ ದನಿ.

"ಇಲ್ಲೇ ನಿಲ್ಸಿ."

ಬ್ರೇಕ್ ಒತ್ತಿದೆ. ಒತ್ತಿದ್ದು ನಾನೇ. ಆದರೆ ಅದು ನನ್ನ ಮನಸ್ಸಿನಿಂದ ಅಲ್ಲ.

ಆಟೋ ಸರ್ರನೆ ಮೇಲಕ್ಕೆದ್ದಿತು, ಭಾರ ಇಳಿದ ಹಾಗೆ. ಜಲ್ಲಿಕಲ್ಲಿನ ಮೇಲೆ ಚಪ್ಪಲಿಯ ಸದ್ದು. ಅವಸರದ ಹೆಜ್ಜೆ... ರಸ್ತೆ ಬಿಟ್ಟು ಎಡಕ್ಕೆ, ಹೊಳೆಯ ಕಡೆಗೆ.

ಆಯಿ ಚೀಲ ಹಿಡಿದು ಕೆಳಗಿಳಿದರು. "ನಿಲ್ಲಿ, ನಾನೂ ಬಂದೆ" ಅಂತ ಕತ್ತಲಿಗೆ ಹೇಳಿ ನಡೆದರು. ಮಂಡಿನೋವಿನಿಂದ ಗುಡಿಯ ಮೆಟ್ಟಿಲನ್ನು ಮಗಳ ಕೈ ಹಿಡಿದೇ ಹತ್ತಿದ್ದ ಹೆಂಗಸು ಓಡುತ್ತಿದ್ದರು.

ನಾನು ಹಾರಿ ಇಳಿದು ಅವರ ಮುಂಗೈ ಹಿಡಿದೆ. ಬಾವಿಯಲ್ಲಿ ನೆಂದ ಹಗ್ಗದಷ್ಟು ತಣ್ಣಗಿತ್ತು. ಫೋನಿನ ಬೆಳಕು ಹಾಕಿದೆ. ನಮ್ಮ ಕಾಲಿನ ಮುಂದೆ ನೆಲ ಮುಗಿದಿತ್ತು. ಕಡಿದಾದ ದಂಡೆ, ಕೆಳಗೆ ಕಪ್ಪು ನೀರು.

"ಬಿಡಮ್ಮ. ಕಾಯ್ತಿದ್ದಾರೆ" ಅಂದರು ಆಯಿ.

ನಿಜ. ಹೆಜ್ಜೆಸದ್ದು ನಿಂತಿತ್ತು. ಕತ್ತಲಲ್ಲಿ, ನೀರಿನ ಮೇಲೇ ಅನ್ನುವಷ್ಟು ಮುಂದೆ, ಯಾರೋ ಏದುಸಿರು ಬಿಡುತ್ತ ನಿಂತಿದ್ದರು.

ಏನು ಮಾಡಲಿ? ಮಂತ್ರ ಬರುವುದಿಲ್ಲ. ದೇವರ ಹೆಸರೂ ನಾಲಿಗೆಗೆ ಬರಲಿಲ್ಲ. ಮನೆಯ ಹಿರಿಯರ ಹತ್ತಿರ ಮಾತಾಡುವ ಹಾಗೆ ಬಂದುಬಿಟ್ಟಿತು.

"ಯಜಮಾನ್ರೇ, ನಿಮಗೆ ಪಾಳಿಗೆ ಹೊತ್ತಾಗೈತೆ, ನೀವು ಹೋಗ್ರಿ. ಆಯಿನ್ನ ಈಗ ಕರೀಬ್ಯಾಡ್ರಿ. ಮಗಳು ಒಬ್ಬಾಕೇ ಆಗ್ತಾಳೆ. ಅವರನ್ನ ನಾನು ಹುಷಾರಾಗಿ ಮುಟ್ಟಿಸ್ತೀನಿ."

ಉಸಿರಿನ ಸದ್ದು ನಿಂತಿತು. ಸೈರನ್ ಇನ್ನೂ ಕೂಗುತ್ತಲೇ ಇತ್ತು.

ಆಮೇಲೆ ಹೆಜ್ಜೆಗಳು ಹೊರಟವು. ನಿಧಾನವಾಗಿ, ದೂರಕ್ಕೆ, ದೂರಕ್ಕೆ... ನೀರಿನ ಮೇಲೆ ಜಲ್ಲಿಕಲ್ಲಿನ ಸದ್ದು ಹೇಗೆ ಬರುತ್ತದೆ, ನೀವೇ ಹೇಳಿ. ಸೈರನ್ ಅಡಗಿತು.

ಆಯಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತರು. ಅಷ್ಟು ತಿಂಗಳ ಅಳು. ವಿದ್ಯಾ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಮೀನಿನ ವಾಸನೆ ಹೋಗಿ, ಹೊಳೆಯ ಕೆಸರಿನ ವಾಸನೆಯಷ್ಟೇ ಉಳಿದಿತ್ತು.

ದಾವಣಗೆರೆಯ ಲಾಡ್ಜ್ ಮುಂದೆ ಇಳಿಸಿದಾಗ ವಿದ್ಯಾಳನ್ನು ಮೆತ್ತಗೆ ಕೇಳಿದೆ, "ನಿಮಗೆ ಏನಾದ್ರೂ ಕೇಳಿಸ್ತಾ?"

"ನಂಗೆ ಎಂತದೂ ಕೇಳಲಿಲ್ಲ" ಅಂದಳು. ಚೀಲ ಇಳಿಸುತ್ತ, "ನಿದ್ದೆಗಣ್ಣಲ್ಲಿದ್ದೆ. ಆದರೆ ಯಾರದೋ ಭುಜ ನನ್ನ ಭುಜಕ್ಕೆ ತಾಗ್ತಾ ಇತ್ತು. ಆಯಿ ಅಂತಲೇ ಅಂದುಕೊಂಡಿದ್ದೆ..."

ಮರುದಿನ ಹಗಲಲ್ಲಿ ಆ ಜಾಗಕ್ಕೆ ಹೋದೆ. ರಸ್ತೆ ಪಕ್ಕದ ಚಹಾ ಅಂಗಡಿಯವರನ್ನು ಸೈರನ್ ವಿಷಯ ಕೇಳಿದೆ. "ಯಾವ ಸೈರನ್ ತಂಗಿ? ಆ ಫ್ಯಾಕ್ಟರಿ ಮುಚ್ಚಿ ಯಾವ ಕಾಲ ಆತು. ಕಬ್ಬಿಣ ಎಲ್ಲಾ ಗುಜರಿಗೆ ಹೋತು" ಅಂದರು.

ಕೆಲವು ವಾರ ಕಳೆದ ಮೇಲೆ ಆಯಿಯ ಫೋನ್ ಬಂತು. ಊಟ, ನಿದ್ದೆ ಎಲ್ಲ ಸರಿಯಾಗಿದೆ ಅಂದರು. ದನಿ ಗೆಲುವಾಗಿತ್ತು. ಇಡುವ ಮುಂಚೆ, ಅಂಗಡಿಗೆ ಹೇಳಿ ಕಳಿಸುವಷ್ಟು ಸಹಜವಾಗಿ ಒಂದು ಮಾತು ಹೇಳಿದರು.

"ನೀನು ಆ ಕಡೆ ಹೋಗ್ತಿರ್ತೀಯಲ್ಲ. ಇಲ್ಲಿ ನಮ್ಮ ಮನೆ ಹಿತ್ತಲ ಬಾವಿ ಹೂಳು ತೆಗೆಸಿದ್ವಿ, ನೀರು ಈಗ ಉಪ್ಪಿಲ್ಲ ಅಂತ ಅವರಿಗೆ ಹೇಳಿಬಿಡು. ಅದೇ ಚಿಂತೆ ಇತ್ತು ಅವರಿಗೆ."

ಹೂಂ ಅಂದೆ. ಇನ್ನೇನು ಅನ್ನಲಿ?

ಬಹಳ ದಿನ ಆ ಕಡೆಗೆ ಹೋಗಲಿಲ್ಲ. ಬಾಡಿಗೆ ಬಂದರೂ ಬಸ್ಸಿದೆ ಹೋಗ್ರಿ ಅಂತ ಕಳಿಸುತ್ತಿದ್ದೆ. ಆದರೆ ಮಾತು ಕೊಟ್ಟಿದ್ದೆನಲ್ಲ, ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು. ಒಂದು ದಿನ ಸುಡುಬಿಸಿಲಿನಲ್ಲಿ, ಲಾರಿಗಳು ಓಡಾಡುವ ಹೊತ್ತು ನೋಡಿಕೊಂಡು ಒಬ್ಬಳೇ ಹೋದೆ. ಆಟೋ ನಿಲ್ಲಿಸಿ ದಂಡೆಯ ತುದಿಯಲ್ಲಿ ನಿಂತು ಆ ಮಾತು ಹೇಳಿದೆ. ದಂಡೆಯಲ್ಲಿ ಯಾರೂ ಇರಲಿಲ್ಲ. ಏನೂ ಆಗಲಿಲ್ಲ. ನನ್ನ ಹುಚ್ಚಿಗೆ ನಾನೇ ನಕ್ಕು ಮನೆಗೆ ಬಂದೆ. ಗಂಡನಿಗೂ ಹೇಳಲಿಲ್ಲ.

ಸಂಜೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಆಯಿ.

ನಾನು ಬಾಯಿ ತೆರೆಯುವ ಮುಂಚೆಯೇ ಅಂದರು, "ಹೇಳಿದೆಯಂತಲ್ಲ ಮಗಾ... ಒಳ್ಳೇದಾಯ್ತು."

ಯಾರು ಹೇಳಿದರು ಅಂತ ನಾನು ಕೇಳಲಿಲ್ಲ. ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.